ಚಳಿಗೆ ಮೈ ಒಡೆದರೆ ಯಾವ ಎಣ್ಣೆ? ಪಂಪ್ ಬಾಟಲಿಯ ಬಾಡಿ ಆಯಿಲ್‌ನಿಂದ ಮುರುಗಲು ತುಪ್ಪದವರೆಗೆ

ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಯಿತು ಅಂದರೆ ನನ್ನ ಕಾಲು ಸ್ಲೇಟಾಗುತ್ತದೆ. ಮೊಣಕಾಲಿನ ಕೆಳಗೆ ಉಗುರಲ್ಲಿ ಒಂದು ಗೀರು ಎಳೆದರೆ ಸಾಕು, ಬಿಳಿ ಗೆರೆ ಮೂಡುತ್ತದೆ. ಚಿಕ್ಕವರಿದ್ದಾಗ ಈ ಸ್ಲೇಟಿನ ಮೇಲೆ ಹೆಸರು ಬರೆದುಕೊಂಡು ಬೈಸಿಕೊಂಡಿದ್ದೇವೆ. ಈಗ ನಲವತ್ತು ದಾಟಿದೆ. ಬರೆಯುವ ಚಪಲ ಹೋಗಿದೆ, ಗೆರೆ ಮಾತ್ರ ಮೂಡುತ್ತಲೇ ಇದೆ.

ಮಲೆನಾಡಿನವರು ಚರ್ಮ ಒಣಗಿದೆ ಅಂದರೆ ಬಯಲುಸೀಮೆಯ ನೆಂಟರು ನಗುತ್ತಾರೆ. ಆಗುಂಬೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಒಣಗುವುದೇನು ಅಂತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ಮಾತು ಸರಿ. ಆಗ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಮೈ ಎಲ್ಲಿಂದ ಒಣಗಬೇಕು? ನವೆಂಬರ್ ಬಂತೋ ಲೆಕ್ಕ ಬೇರೆ. ಬೆಳಗ್ಗೆ ಚಳಿ, ಮಧ್ಯಾಹ್ನ ಒಣಬಿಸಿಲು, ಸಂಜೆ ಒಣಗಾಳಿ. ಊರ ಮನೆಯಲ್ಲಾದರೆ ಅಡಿಕೆ ಸಿಪ್ಪೆ ತುಂಬಿ ಉರಿಸಿದ ಬಚ್ಚಲ ಒಲೆ, ಕುದಿಯುವ ಹಂಡೆ. ಆ ನೀರು ಹೊಯ್ದುಕೊಳ್ಳುವಾಗ ಸ್ವರ್ಗ. ಆದರೆ ಚರ್ಮದಲ್ಲಿ ತಾನಾಗಿ ಇರುವ ಜಿಡ್ಡನ್ನು ಮೊದಲು ತೊಳೆದುಕೊಂಡು ಹೋಗುವುದೂ ಅದೇ ನೀರು. ಉಳಿದದ್ದನ್ನು ಸೋಪು ಒಯ್ಯುತ್ತದೆ.

ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ನಾದಿನಿ ಬಂದವಳು ಒಂದು ಗಾಜಿನ ಬಾಟಲಿ ಕೈಗಿಟ್ಟಳು. ಹೊಂಬಣ್ಣದ ಎಣ್ಣೆ, ಮೇಲೆ ಪಂಪ್, 100 ಎಂ.ಎಲ್., ಬೆಲೆ 699 ರೂಪಾಯಿ. ಫೋನ್ ತೆರೆದರೆ ದಿನಕ್ಕೆ ಹತ್ತು ಸಲ ಕಾಣುವಂಥದ್ದು. "ಅತ್ತಿಗೆ, ಇದೊಂದು ಹಚ್ಚಿ ನೋಡಿ, ಆಮೇಲೆ ಹೇಳಿ" ಅಂದಳು. ಅತ್ತೆ ಮುಚ್ಚಳ ತೆಗೆದು ಮೂಸಿ, "ಎಂತದೇ ಇದು, ಅತ್ತರಾ?" ಅಂದರು.

ನಾನು ಹಚ್ಚಿ ನೋಡಿದೆ. ಸುಮ್ನೆ ಅಲ್ಲ, ಸ್ವಲ್ಪ ಲೆಕ್ಕ ಇಟ್ಟೇ ನೋಡಿದೆ. ಎಡಗಾಲಿಗೆ ಬಾಟಲಿ ಎಣ್ಣೆ, ಬಲಗಾಲಿಗೆ ಅಡುಗೆಮನೆಯ ತೆಂಗಿನೆಣ್ಣೆ. ದಿನಾ ಸ್ನಾನ ಆದ ಮೇಲೆ, ಇಪ್ಪತ್ತು ದಿನ. ಕೈಗಳಿಗೆ ಎಳ್ಳೆಣ್ಣೆ, ಹಿಮ್ಮಡಿಗೆ ಮುರುಗಲು ತುಪ್ಪ, ಅಂದರೆ ಕೋಕಂ ಬೀಜದ ಜಿಡ್ಡು. ಮನೆಯವರು ನನ್ನನ್ನು "ಎಣ್ಣೆ ಅಂಗಡಿ" ಅಂತ ಕರೆಯಲು ಶುರು ಮಾಡಿದ್ದು ಆಗಲೇ.

ಮೊದಲು ಒಂದು ವಿಷಯ

ಯಾವ ಎಣ್ಣೆಯಲ್ಲೂ ನೀರಿಲ್ಲ. ಚರ್ಮಕ್ಕೆ ಬೇಕಾದದ್ದು ನೀರು. ಎಣ್ಣೆ ಮಾಡುವ ಕೆಲಸ ಮುಚ್ಚಳದ್ದು. ಒಳಗಿನ ನೀರು ಆವಿಯಾಗಿ ಹೋಗದಂತೆ ತಡೆಯುತ್ತದೆ, ಒರಟಾಗಿ ಎದ್ದು ನಿಂತ ಚರ್ಮದ ಪುಡಿಯನ್ನು ಕೂರಿಸುತ್ತದೆ. ಪಾತ್ರೆಯಲ್ಲಿ ನೀರೇ ಇಲ್ಲದಿದ್ದರೆ ಮುಚ್ಚಳ ಮುಚ್ಚಿ ಏನು ಪ್ರಯೋಜನ? ಮಧ್ಯಾಹ್ನ ಕಾಲು ತುರಿಸಿತು ಅಂತ ಒಣ ಕಾಲಿಗೆ ಎಣ್ಣೆ ತಿಕ್ಕಿದರೆ ಹೊಳೆಯುತ್ತದೆ ಅಷ್ಟೆ. ಸ್ನಾನ ಮಾಡಿ, ಟವೆಲ್‌ನಲ್ಲಿ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಪಸೆ ಇರುವಾಗಲೇ, ಅಂದರೆ ಎರಡು ಮೂರು ನಿಮಿಷದೊಳಗೆ ಹಚ್ಚಬೇಕು. ನನ್ನ ಪ್ರಯೋಗದ ಮೊದಲ ನಾಲ್ಕು ದಿನ ಸೀರೆ ಉಟ್ಟು, ಕಾಫಿ ಕುಡಿದು, ಆಮೇಲೆ ಹಚ್ಚುತ್ತಿದ್ದೆ. ಎರಡೂ ಕಾಲು ಸ್ಲೇಟಾಗಿಯೇ ಇದ್ದವು. ಬಚ್ಚಲಲ್ಲೇ ಹಚ್ಚಲು ಶುರು ಮಾಡಿದ ಮೇಲೆ ವಾರದಲ್ಲಿ ಗೆರೆ ಮಾಸಿತು. ಎರಡೂ ಕಾಲಲ್ಲಿ.

ಪಂಪ್ ಬಾಟಲಿ

ಇದನ್ನು "ಡ್ರೈ ಆಯಿಲ್" ಅನ್ನುತ್ತಾರೆ. ಒಣ ಎಣ್ಣೆ. ಹೆಸರು ಕೇಳಿ ಅತ್ತೆ ಎರಡನೇ ಸಲ ನಕ್ಕರು. ಅರ್ಥ ಇಷ್ಟೇ: ಬೇಗ ಇಂಗುತ್ತದೆ, ಅಂಟು ಉಳಿಯುವುದಿಲ್ಲ.

ಬಾಟಲಿಯ ಮುಂದಿನ ಭಾಗದಲ್ಲಿ ಏನು ಬರೆದಿದ್ದಾರೆ ಅಂತ ನೋಡಬೇಡಿ. ಅಲ್ಲಿ ಹೂವು, ಕೇಸರಿ, ಚಿನ್ನದ ಹನಿ ಎಲ್ಲ ಇರುತ್ತದೆ. ಹಿಂದೆ ತಿರುಗಿಸಿ. ಸಣ್ಣಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ಯಾವುದು ಜಾಸ್ತಿ ಇದೆಯೋ ಅದು ಮೊದಲು, ಹಾಗೇ ಇಳಿಯುತ್ತಾ ಹೋಗುತ್ತದೆ. ನಾದಿನಿ ಕೊಟ್ಟದ್ದರಲ್ಲಿ ಮೊದಲ ಹೆಸರು ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್. ಬಾಯಿ ತಿರುಗದ ಈ ಹೆಸರು ತೆಂಗಿನೆಣ್ಣೆಯಿಂದಲೋ ತಾಳೆಬೀಜದ ಎಣ್ಣೆಯಿಂದಲೋ ಬೇರ್ಪಡಿಸಿದ ತೆಳು ಭಾಗದಿಂದ ಮಾಡಿದ್ದು. ಅದು ಚಳಿಗೆ ಗಟ್ಟಿಯಾಗುವುದಿಲ್ಲ, ವಾಸನೆ ಇಲ್ಲ, ಬೇಗ ಕೆಡುವುದಿಲ್ಲ. ಒಂದು ಲೆಕ್ಕದಲ್ಲಿ ನಮ್ಮ ತೆಂಗಿನೆಣ್ಣೆಯ ಓದಿ ಬಂದ ಮೊಮ್ಮಗ. ನನ್ನ ಬಾಟಲಿಯಲ್ಲಿ ಕೇಸರಿ ಕೊನೆಯಿಂದ ಮೂರನೆಯದು, ಪರಿಮಳಕ್ಕಿಂತಲೂ ಕೆಳಗೆ.

ಬೇರೆ ಬಾಟಲಿಗಳಲ್ಲಿ ಐಸೊಪ್ರೊಪೈಲ್ ಮಿರಿಸ್ಟೇಟ್, ಡೈಮೆಥಿಕೋನ್, ಸ್ಕ್ವಾಲೇನ್ ಇಂಥವು ಸಿಗುತ್ತವೆ. ಮೂರೂ ಜಾರುವ, ಹಗುರ ಅನ್ನಿಸುವ ಪದಾರ್ಥಗಳು. ಸ್ಕ್ವಾಲೇನನ್ನು ಮೊದಲು ಶಾರ್ಕ್ ಮೀನಿನ ಪಿತ್ತಜನಕಾಂಗದ ಎಣ್ಣೆಯಿಂದ ತೆಗೆಯುತ್ತಿದ್ದರು, ಈಗ ಕಬ್ಬಿನಿಂದ, ಆಲಿವ್‌ನಿಂದಲೂ ಮಾಡುತ್ತಾರೆ. ಪ್ಯಾರಫಿನಮ್ ಲಿಕ್ವಿಡಮ್ ಅಂತ ಮೊದಲ ಸಾಲಲ್ಲಿದ್ದರೆ ಅದು ಮಿನರಲ್ ಆಯಿಲ್. ಕೆಟ್ಟದ್ದೇನಲ್ಲ. ಆದರೆ ಅದಕ್ಕೆ 700 ರೂಪಾಯಿ ಕೊಡುವ ಅಗತ್ಯ ಇಲ್ಲ, ಬೇಬಿ ಆಯಿಲ್ ಹೆಸರಲ್ಲಿ ಎಷ್ಟೋ ಕಡಿಮೆಗೆ ಸಿಗುತ್ತದೆ.

ಇನ್ನು ಫಲಿತಾಂಶ. ಇಪ್ಪತ್ತನೇ ದಿನ ಎರಡೂ ಕಾಲಿಗೆ ಉಗುರಲ್ಲಿ ಗೀರಿ ನೋಡಿದೆ. ಅತ್ತೆಯ ಕೈಲೂ ಮುಟ್ಟಿಸಿದೆ. ವ್ಯತ್ಯಾಸ ಇಬ್ಬರಿಗೂ ಗೊತ್ತಾಗಲಿಲ್ಲ. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಬಾಟಲಿ ಎಣ್ಣೆ ಹಚ್ಚಿ ಎರಡು ನಿಮಿಷಕ್ಕೆ ಲೆಗ್ಗಿಂಗ್ಸ್ ಹಾಕಬಹುದಿತ್ತು. ತೆಂಗಿನೆಣ್ಣೆಯ ಕಾಲಿಗೆ ಹತ್ತು ನಿಮಿಷ ಬೇಕು, ಇಲ್ಲದಿದ್ದರೆ ಬಟ್ಟೆಗೆ ಕಲೆ. ಎಂಟು ಗಂಟೆಗೆ ಬಸ್ ಹಿಡಿಯುವವರಿಗೆ ಆ ಎಂಟು ನಿಮಿಷ ಸಣ್ಣದಲ್ಲ. ಇನ್ನೊಂದು, ಪಂಪ್. ಎರಡು ಸಲ ಒತ್ತಿದರೆ ಒಂದು ಕಾಲಿಗೆ ಸರಿ. ಡಬ್ಬಿಯಿಂದ ಹೊಯ್ದರೆ ಅಂಗೈ ತುಂಬ ಬರುತ್ತದೆ.

ತೊಂದರೆಯೂ ಆಯಿತು. ಆರನೇ ದಿನ ಮೊಣಕಾಲ ಹಿಂದೆ ಕೆಂಪಗಾಗಿ ತುರಿಕೆ ಬಂತು. ಪಟ್ಟಿಯಲ್ಲಿ "ಪರ್ಫಮ್" ಅಂತ ಇತ್ತು, ನನ್ನ ಅನುಮಾನ ಅದರ ಮೇಲೆ. ಒಣಗಿ ಬಿರಿದ ಚರ್ಮಕ್ಕೆ ಪರಿಮಳ ಬೇಗ ತಾಕುತ್ತದೆ. ಆ ಜಾಗ ಬಿಟ್ಟು ಹಚ್ಚಿದ ಮೇಲೆ ಕಡಿಮೆಯಾಯಿತು. ಹೊಸ ಎಣ್ಣೆ ಯಾವುದೇ ಇರಲಿ, ಮೊದಲು ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಎರಡು ಮೂರು ದಿನ ನೋಡಿ. ನಾನು ಈ ಬುದ್ಧಿ ಆಮೇಲೆ ಕಲಿತದ್ದು.

ಇನ್ನೊಂದು ಅವಘಡ ಬಚ್ಚಲ ನೆಲದ್ದು. ನಾನು ಹಚ್ಚಿಕೊಂಡು ಹೊರಬಂದೆ, ಹಿಂದೆಯೇ ಒಳಗೆ ಹೋದ ಯಜಮಾನರು ನಲ್ಲಿ ಹಿಡಿದುಕೊಂಡು ಬಚಾವಾದರು. ಕಾಲಿಗೆ ಎಣ್ಣೆ ಹಚ್ಚುವುದಾದರೆ ಹಳೇ ಟವೆಲ್ ಮೇಲೆ ನಿಂತು ಹಚ್ಚಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಎಣ್ಣೆಯ ಆಯ್ಕೆಗಿಂತ ಮುಖ್ಯ.

ತೆಂಗಿನೆಣ್ಣೆ

ನಾನು ಕೊಂಡದ್ದು ಅರ್ಧ ಲೀಟರ್‌ಗೆ ಹೆಚ್ಚುಕಡಿಮೆ 300 ರೂಪಾಯಿ. ಅಂದರೆ 100 ಎಂ.ಎಲ್.ಗೆ 60. ಬಾಟಲಿ ಎಣ್ಣೆಯ ಹತ್ತನೇ ಒಂದು ಪಾಲಿಗಿಂತ ಕಡಿಮೆ. ದರ ಏರಿದ ಮೇಲೂ ಈ ಲೆಕ್ಕ.

ಕೆಲಸದಲ್ಲಿ ಕಡಿಮೆಯಿಲ್ಲ. 2004ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಚರ್ಮ ಒಣಗಿದ 34 ಜನರ ಮೇಲೆ ವರ್ಜಿನ್ ತೆಂಗಿನೆಣ್ಣೆಯನ್ನೂ ಮಿನರಲ್ ಆಯಿಲನ್ನೂ ಹೋಲಿಸಿ ನೋಡಿದ್ದರು. ಎರಡೂ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡಿದವು. ಸಣ್ಣ ಪರೀಕ್ಷೆ ನಿಜ, ಆದರೆ ನನ್ನ ಎರಡು ಕಾಲಿಗಿಂತ ದೊಡ್ಡದು.

ಇದರ ಕಷ್ಟ ಚಳಿಗಾಲದ್ದೇ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮಲ್ಲಿ ಜನವರಿ ಬೆಳಗ್ಗೆ 15-16 ಡಿಗ್ರಿ ಇರುವಾಗ ಎಣ್ಣೆ ಬೇಕಾದ ಹೊತ್ತಿಗೆ ಸರಿಯಾಗಿ ಡಬ್ಬಿಯೊಳಗೆ ಕಲ್ಲು. ಬಾಯಿ ಸಣ್ಣದಿರುವ ಡಬ್ಬಿಯಾದರೆ ಕಡ್ಡಿ ಹಾಕಿ ಕೆದಕುವ ಗತಿ. ಅಗಲ ಬಾಯಿಯ ಡಬ್ಬಿಗೆ ಸುರಿದಿಟ್ಟುಕೊಳ್ಳಿ, ಬೆರಳಲ್ಲಿ ತೆಗೆದರೆ ಮೈ ಬಿಸಿಗೇ ಕರಗುತ್ತದೆ. ಹಂಡೆಯ ಕಟ್ಟೆ ಮೇಲೆ ಇಡುವ ಹಳೇ ಪದ್ಧತಿಯೂ ಚೆನ್ನಾಗಿಯೇ ಇದೆ. ಒಲೆಯ ಬಾಯಿಯಿಂದ ದೂರ ಇಡಿ ಅಷ್ಟೆ. ಎಣ್ಣೆ ಮೆತ್ತಿದ ಬಟ್ಟೆಗೆ ಕಿಡಿ ತಾಗಿದರೆ ಬೇಗ ಹತ್ತಿಕೊಳ್ಳುತ್ತದೆ.

ಮುಖಕ್ಕೆ ಬೇಡ, ಮೊಡವೆ ಬರುವವರಿಗಂತೂ ಬೇಡವೇ ಬೇಡ. ರಂಧ್ರ ಕಟ್ಟುತ್ತದೆ. ಬೆನ್ನಲ್ಲಿ ಮೊಡವೆ ಇರುವವರೂ ಬೆನ್ನು ಬಿಡಿ.

ನಡುವೆ ಒಂದು ಮಾತು. ತಲೆಗೆ ಹಚ್ಚುವ ಡಬ್ಬಿ ಮೇಲೆ ಅಡುಗೆ ಎಣ್ಣೆ ಅಂತ ಯಾಕೆ ಇರುತ್ತದೆ ಅಂತ ಮಗಳು ಕೇಳಿದ್ದಳು. ಸಣ್ಣ ಪ್ಯಾಕಿನ ಶುದ್ಧ ತೆಂಗಿನೆಣ್ಣೆ ಅಡುಗೆಯದೋ ಕೂದಲಿನದೋ ಅನ್ನುವುದು ಹಳೇ ತೆರಿಗೆ ಜಗಳ. ಅಡುಗೆ ಎಣ್ಣೆ ಅಂತ ಪರಿಗಣಿಸಬಹುದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಮನೆಯಲ್ಲಿ ಒಂದೇ ಡಬ್ಬಿ ಒಗ್ಗರಣೆಗೂ ಜಡೆಗೂ ಆಗುತ್ತಿತ್ತು, ಕೋರ್ಟಿಗೆ ಹೋಗುವ ಪ್ರಮೇಯ ಬರಲಿಲ್ಲ.

ಎಳ್ಳೆಣ್ಣೆ, ಹರಳೆಣ್ಣೆ

ತೆಂಗಿನೆಣ್ಣೆ ತಂಪು, ಎಳ್ಳೆಣ್ಣೆ ಉಷ್ಣ, ಅದಕ್ಕೇ ಚಳಿಗಾಲಕ್ಕೆ ಎಳ್ಳೆಣ್ಣೆ ಅನ್ನುತ್ತಾರೆ ನಮ್ಮ ಹಿರಿಯರು. ಉಷ್ಣದ ಮಾತು ಬಿಡಿ, ಚಳಿಯಲ್ಲಿ ಹೆಪ್ಪುಗಟ್ಟುವುದಿಲ್ಲ ಅನ್ನುವುದೊಂದೇ ಸಾಕು ಅದನ್ನು ಆರಿಸಲು. ಕೈಗೆ ಹಚ್ಚಿದ್ದು ಚೆನ್ನಾಗಿ ಹಿಡಿಯಿತು. ಆದರೆ ವಾಸನೆ ದಿನವಿಡೀ ಬರುತ್ತದೆ. ಕಚೇರಿಯಲ್ಲಿ ಪಕ್ಕದ ಮೇಜಿನವರು "ಮೇಡಂ, ಇವತ್ತು ಮನೆಯಲ್ಲಿ ಪೂಜೆಯಾ?" ಅಂದರು. ಬಿಳಿ ತೋಳಿನ ಅಂಚು ಹಳದಿಯಾಗಿದ್ದು ಇನ್ನೂ ಹೋಗಿಲ್ಲ.

ಹಾಗಾಗಿ ಎಳ್ಳೆಣ್ಣೆಗೆ ಭಾನುವಾರ ಸರಿ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಚ್ಚಿ, ಕಡಲೆಹಿಟ್ಟು ಹಾಕಿ ತೊಳೆಯುವುದು. ಸೋಪು ಹಾಕಿ ಉಜ್ಜಿದರೆ ಹಚ್ಚಿದ್ದೆಲ್ಲ ಹೋಗುತ್ತದೆ. ಹರಳೆಣ್ಣೆ ತುಂಬ ದಪ್ಪ, ಒಂಟಿಯಾಗಿ ಮೈಗೆ ಎಳೆಯುವುದಕ್ಕೇ ಆಗುವುದಿಲ್ಲ. ತೆಂಗಿನೆಣ್ಣೆಗೆ ಸ್ವಲ್ಪ ಬೆರೆಸಿದರೆ ಮೊಣಕೈ, ಮೊಣಕಾಲ ಗಂಟಿಗೆ ಒಳ್ಳೆಯದು.

ಗಾಣದ ಎಣ್ಣೆ ಬೇಕೇ ಅಂತ ಕೇಳುತ್ತಾರೆ. ಊಟಕ್ಕೆ ರುಚಿ ಬೇರೆ, ನಾನೂ ತರುತ್ತೇನೆ. ಮೈಗೆ ಹಚ್ಚಲು ಅದೇ ಬೇಕೆಂದು ನನಗೆ ಅನ್ನಿಸಿಲ್ಲ.

ಮುರುಗಲು ತುಪ್ಪ

ಇಲ್ಲಿ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ.

ನನ್ನ ತವರು ಸಾಗರದ ಹತ್ತಿರ. ಏಪ್ರಿಲ್, ಮೇನಲ್ಲಿ ಮುರುಗಲು ಹಣ್ಣಾದಾಗ ಸಿಪ್ಪೆ ಒಣಗಿಸಿ ಸಾರಿಗೆ, ಪಾನಕಕ್ಕೆ ಇಡುತ್ತಾರೆ. ಬೀಜ ಎಸೆಯುವುದಿಲ್ಲ. ಅದನ್ನೂ ಒಣಗಿಸಿ, ಜಜ್ಜಿ, ನೀರಲ್ಲಿ ಹಾಕಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಆ ಜಿಡ್ಡನ್ನು ತೆಗೆದು ಆರಲು ಬಿಟ್ಟು, ಕೈಯಲ್ಲಿ ಉಂಡೆ ಕಟ್ಟುತ್ತಾರೆ. ಮಾಸಲು ಬಿಳಿ, ಕೋಳಿಮೊಟ್ಟೆ ಗಾತ್ರ, ನೆಲಕ್ಕೆ ಬಿದ್ದರೆ ಟಕ್ಕೆಂದು ಸದ್ದಾಗುವಷ್ಟು ಗಟ್ಟಿ. ತುಪ್ಪ ಅನ್ನುತ್ತಾರೆ, ಆದರೆ ಸುಮಾರು 40 ಡಿಗ್ರಿವರೆಗೆ ಕರಗುವುದಿಲ್ಲ. ಈಗ ನಗರದಲ್ಲಿ ಕೋಕಂ ಬಟರ್ ಅಂತ ಸಣ್ಣ ಡಬ್ಬಿಯಲ್ಲಿ ಮಾರುತ್ತಿರುವುದು ಇದನ್ನೇ. ಮುರುಗಲಿನದೇ ಜಾತಿಯ ಉಪ್ಪಾಗೆ ಬೀಜದಿಂದಲೂ ತುಪ್ಪ ತೆಗೆಯುತ್ತಾರೆ, ಅದನ್ನು ದೋಸೆಗೆ ಹಾಕುವ ಮನೆಗಳಿವೆ. ಹಿಮ್ಮಡಿಗೆ ಮಾತ್ರ ಮುರುಗಲೇ.

ಅಡಿಕೆ ಸುಲಿಯುವ ದಿನಗಳಲ್ಲಿ ದೊಡ್ಡಮ್ಮ ರಾತ್ರಿ ಹನ್ನೊಂದಕ್ಕೆ ಮೆಟ್ಟುಗತ್ತಿ ಬಿಟ್ಟು ಎದ್ದು, ಕಾಲು ತೊಳೆದು, ಒರೆಸಿ, ಗೋಡೆಗೆ ಒರಗಿ ಕೂರುತ್ತಿದ್ದರು. ಮುರುಗಲು ಉಂಡೆಯ ಒಂದು ಅಂಚನ್ನು ಚಿಮಣಿ ದೀಪದ ಹತ್ತಿರ ಹಿಡಿದರೆ ಅದು ನಿಧಾನ ಬೆವರಿದಂತಾಗಿ ಹನಿ ಕಟ್ಟುತ್ತಿತ್ತು. ಆ ಹನಿಯನ್ನು ಹೆಬ್ಬೆರಳಿಗೆ ತಾಗಿಸಿಕೊಂಡು ಹಿಮ್ಮಡಿಯ ಒಂದೊಂದೇ ಬಿರುಕಿಗೆ ಒತ್ತುತ್ತಿದ್ದರು. ಬಿರುಕು ತುಂಬಿದ ಮೇಲೆ ಅದು ಅಲ್ಲೇ ಮತ್ತೆ ಗಟ್ಟಿಯಾಗುತ್ತಿತ್ತು, ಮೇಣ ತುಂಬಿದ ಹಾಗೆ. ಚೊಗರು ಹಿಡಿದು ಕಪ್ಪಾದ ಬೆರಳಿಗೆ ಉಳಿದದ್ದು.

ಅದೇ ಗುಣ ಅದರ ಬಲ. ದ್ರವ ಎಣ್ಣೆ ಹಿಮ್ಮಡಿಗೆ ಹಚ್ಚಿದರೆ ಚಪ್ಪಲಿಗೆ, ಹಾಸಿಗೆಗೆ ಹೋಗುತ್ತದೆ. ಮುರುಗಲು ಇದ್ದಲ್ಲೇ ಇರುತ್ತದೆ. ನಾನು ಚಮಚದಲ್ಲಿ ಸ್ವಲ್ಪ ತುರಿದು, ಬಿಸಿನೀರಿನ ಬಟ್ಟಲಲ್ಲಿ ಚಮಚ ಅದ್ದಿ ಕರಗಿಸುತ್ತೇನೆ. ರಾತ್ರಿ ಹಚ್ಚಿ ಹತ್ತಿ ಸಾಕ್ಸ್ ಹಾಕಿ ಮಲಗಿದರೆ ಹತ್ತು ದಿನದಲ್ಲಿ ನೋವು ಹೋಗುತ್ತದೆ. ಬಾಟಲಿ ಎಣ್ಣೆ ಹಿಮ್ಮಡಿಯ ವಿಷಯದಲ್ಲಿ ಇದರ ಹತ್ತಿರಕ್ಕೂ ಬರಲಿಲ್ಲ. ತುಟಿಗೂ ಇದೇ ಆಗುತ್ತದೆ.

ಸಕ್ಕರೆ ಕಾಯಿಲೆ ಇರುವವರು ಬಿಸಿ ಮಾಡಿ ಹಚ್ಚಬೇಡಿ. ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಬಿರುಕಿನಲ್ಲಿ ರಕ್ತವೋ ಕೀವೋ ಕಂಡರೆ ಮನೆಮದ್ದು ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮೈಯೆಲ್ಲಾ ಹಚ್ಚಲು ಮುರುಗಲು ಆಗದು, ಎಳೆದಷ್ಟೂ ತಡೆಯುತ್ತದೆ.

ಎಲ್ಲಿ ಸಿಗುತ್ತದೆ? ಪರಿಚಯದ ಹಳ್ಳಿಮನೆ ಇದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಗಳಲ್ಲಿ ಕೇಳಿ. ಮೂಸಿ ನೋಡಿ ಕೊಳ್ಳಿ. ಹೊಗೆ ವಾಸನೆ ಸ್ವಲ್ಪ ಇದ್ದರೆ ಅಡ್ಡಿಯಿಲ್ಲ, ಕಮಟು ಇರಬಾರದು.

ಉಳಿದವು, ಬೇಗ ಬೇಗ

ಬೇಬಿ ಆಯಿಲ್: ಮಿನರಲ್ ಆಯಿಲ್ ಮತ್ತು ಪರಿಮಳ. ಅಗ್ಗ, ಕೆಡುವುದಿಲ್ಲ, ಕೆಲಸ ಮಾಡುತ್ತದೆ. ಪೆಟ್ರೋಲಿಯಂ ಅಂತ ಹೆದರುವವರಿದ್ದಾರೆ. ಸೌಂದರ್ಯವರ್ಧಕಕ್ಕೆ ಶುದ್ಧ ಮಾಡಿದ್ದು ಚರ್ಮಕ್ಕೆ ತೊಂದರೆ ಕೊಡುವುದಿಲ್ಲ.

ಬಾದಾಮಿ ಎಣ್ಣೆ: ಹಗುರ, ಒಳ್ಳೆಯದು. ಆದರೆ ಮುಂದೆ ಬಾದಾಮಿ ಚಿತ್ರ ಇರುವ ತಲೆಎಣ್ಣೆಗಳ ಹಿಂದಿನ ಪಟ್ಟಿ ಓದಿ. ಬಾದಾಮಿ ಎಷ್ಟನೇ ಸಾಲಿನಲ್ಲಿದೆ ಅಂತ ನೋಡಿದ ಮೇಲೆ ದುಡ್ಡು ಕೊಡಿ.

ಆಲಿವ್ ಎಣ್ಣೆ: ಇದನ್ನು ಒಣ ಚರ್ಮಕ್ಕೆ ನಾನು ಹೇಳುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಲಿವ್ ಎಣ್ಣೆ ಚರ್ಮದ ಹೊರಪದರವನ್ನು ದುರ್ಬಲ ಮಾಡಿದ್ದು ಕಂಡುಬಂತು. ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಿಲ್ಲ. ಪೂರಿ ಕರಿಯುವ ಎಣ್ಣೆ ಗೆದ್ದಿತು ಅಂತ ನಾದಿನಿಗೆ ಹೇಳಿದಾಗ ಅವಳು ನಂಬಲಿಲ್ಲ.

ಲೋಷನ್: ಇದರಲ್ಲಿ ನೀರೂ ಇರುತ್ತದೆ, ನೀರು ಹಿಡಿದಿಡುವ ಗ್ಲಿಸರಿನ್ನೂ ಇರುತ್ತದೆ, ಸ್ವಲ್ಪ ಎಣ್ಣೆಯೂ ಇರುತ್ತದೆ. ತುಂಬಾ ಒಣಗಿದವರಿಗೆ ಬರೀ ಎಣ್ಣೆಗಿಂತ ಇದು ಮೇಲು. ಮೊದಲು ಲೋಷನ್, ಅದರ ಮೇಲೆ ನಾಲ್ಕು ಹನಿ ಎಣ್ಣೆ, ಇನ್ನೂ ಮೇಲು. ಮೆಡಿಕಲ್ ಶಾಪಿನ ಗ್ಲಿಸರಿನ್‌ಗೆ ಪನ್ನೀರು ಬೆರೆಸಿ ಹಚ್ಚುತ್ತಿದ್ದ ನಮ್ಮ ಅಮ್ಮಂದಿರು ದಡ್ಡರಲ್ಲ. ಕಾಲು ಮೀನಿನ ಹುರುಪೆಯ ಹಾಗೆ ಆಗಿದ್ದರೆ ಯೂರಿಯಾ ಇರುವ ಕ್ರೀಮ್ ಕೇಳಿ, ಅದು ಎಣ್ಣೆಯ ಕೈಲಿ ಆಗುವ ಕೆಲಸವಲ್ಲ.

ಹಾಗಾದರೆ ನಿಮಗೆ ಯಾವುದು?

ಬೆಳಗ್ಗೆ ಓಡುವವರು, ಸ್ನಾನದ ನಂತರ ಐದು ನಿಮಿಷವೂ ಇಲ್ಲದವರು, ದುಡ್ಡು ಅಷ್ಟು ಅಡ್ಡಿಯಲ್ಲದವರು ಪಂಪ್ ಬಾಟಲಿ ತೆಗೆದುಕೊಳ್ಳಿ. ನಾಚಿಕೆ ಏನಿಲ್ಲ. ಅಟ್ಟದ ಮೇಲಿನ ಒಳ್ಳೇ ಎಣ್ಣೆಗಿಂತ ದಿನಾ ಹಚ್ಚುವ ಎಣ್ಣೆ ಉಪಯೋಗ. ಪರಿಮಳ ಇಲ್ಲದ್ದು ಹುಡುಕಿ. ಬಾಟಲಿ ಮೇಲೆ ತೆರೆದ ಡಬ್ಬಿಯ ಸಣ್ಣ ಚಿತ್ರ, ಅದರೊಳಗೆ 6 ಎಂ ಅಥವಾ 12 ಎಂ ಅಂತ ಇರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳೊಳಗೆ ಮುಗಿಸಿ. ದಿನಾ ಕೈಕಾಲಿಗೆ ಹಚ್ಚಿದರೆ 100 ಎಂ.ಎಲ್. ಒಂದು ತಿಂಗಳೂ ಬರಲಿಲ್ಲ ನನಗೆ, ಹಾಗಾಗಿ ಆ ಚಿಂತೆ ನಿಮಗೂ ಬಾರದಿರಬಹುದು.

ಮನೆಯಲ್ಲೇ ಇರುವವರು, ರಾತ್ರಿ ಸ್ನಾನ ಮಾಡುವವರು, ನಾಲ್ಕೈದು ಜನಕ್ಕೆ ಒಂದೇ ಡಬ್ಬಿ ಸಾಗಬೇಕಾದವರು ತೆಂಗಿನೆಣ್ಣೆ ಬಿಟ್ಟು ಬೇರೆ ಯೋಚಿಸಬೇಡಿ. ಚಳಿಯಲ್ಲಿ ಕೆದಕುವುದು ಬೇಡ ಅನ್ನುವವರಿಗೆ ಎಳ್ಳೆಣ್ಣೆ. ಹಿಮ್ಮಡಿಗೆ ಯಾರಾದರೂ ಸರಿ, ಮುರುಗಲು.

ಎಣ್ಣೆಯೇ ಬೇಡದ ಜಾಗವೂ ಇದೆ. ಮಳೆಗಾಲದಲ್ಲಿ ತೊಡೆ ಸಂದು, ಕಂಕುಳಲ್ಲಿ ಉಂಗುರದ ಹಾಗೆ ಎದ್ದು ತುರಿಸಿದರೆ ಅದು ಒಣ ಚರ್ಮವಲ್ಲ, ಹುಳುಕಡ್ಡಿ. ಅದರ ಮೇಲೆ ಎಣ್ಣೆ ಹಚ್ಚಿ ಮುಚ್ಚಿದರೆ ಜಾಸ್ತಿಯಾಗುತ್ತದೆ. ಎರಡು ಮೂರು ವಾರ ಸರಿಯಾಗಿ ಹಚ್ಚಿಯೂ ತುರಿಕೆ ನಿಲ್ಲದಿದ್ದರೆ, ಜೊತೆಗೆ ಸುಸ್ತು, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ಕೂಡ ಇರಬಹುದು. ಶಿವಮೊಗ್ಗದಲ್ಲಿದ್ದವರಿಗೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ.

ಸಂಕ್ರಾಂತಿಗೆ ಫೋನ್ ಮಾಡಿದ ನಾದಿನಿ, "ಅತ್ತಿಗೆ, ಇನ್ನೊಂದು ಬಾಟಲಿ ಕಳಿಸ್ಲಾ?" ಅಂದಳು. ಎಣ್ಣೆ ಬೇಡ, ಪಂಪ್ ಮಾತ್ರ ಚೆನ್ನಾಗಿದೆ ಅಂದೆ. ಖಾಲಿ ಬಾಟಲಿಯನ್ನು ಸೋಪಿನ ಬಿಸಿನೀರಲ್ಲಿ ತೊಳೆದು, ಎರಡು ದಿನ ಬಿಸಿಲಲ್ಲಿ ಬೋರಲು ಹಾಕಿ ಒಣಗಿಸಿದ್ದೇನೆ. ಒಂದು ಹನಿ ನೀರು ಉಳಿದರೂ ಹಾಕಿದ ಎಣ್ಣೆ ಕಮಟು ಹೊಡೆಯುತ್ತದೆ. ಈಗ ಅದರಲ್ಲಿ ಎಳ್ಳೆಣ್ಣೆ ಇದೆ. ಮೊನ್ನೆ ಅತ್ತೆ ಮದುವೆಗೆ ಹೊರಟಾಗ ಎರಡು ಸಲ ಒತ್ತಿ ಮೊಣಕೈಗೆ ಹಚ್ಚಿಕೊಂಡು, ಮೂಸಿ, "ಮೊದಲಿನದೇ ಒಳ್ಳೇದಿತ್ತು ಮಾರಾಯ್ತಿ" ಅಂದರು.